ಮನೆಗೆ ಹೋಮ್ ನರ್ಸ್ ಕರೆಸುವ ಮೊದಲು: ಮಂಗಳೂರು, ಉಡುಪಿಯವರಿಗೊಂದು ಮಾರ್ಗದರ್ಶಿ

ರೌಂಡ್ಸಿಗೆ ಬಂದ ಡಾಕ್ಟರ್ "ನಾಳೆ ಡಿಸ್ಚಾರ್ಜ್ ಮಾಡುವ, ಮನೆಯಲ್ಲಿ ಒಬ್ಬ ಹೋಮ್ ನರ್ಸ್ ಮಾಡಿಕೊಳ್ಳಿ" ಎಂದು ಹೇಳಿ ಹೋದ ಕೂಡಲೇ ಮನೆಯವರ ಓಡಾಟ ಶುರುವಾಗುತ್ತದೆ. ವಾರ್ಡಿನ ಆಯಾ ಒಂದು ನಂಬರ್ ಕೊಡುತ್ತಾರೆ, ಪಕ್ಕದ ಬೆಡ್ಡಿನವರು ಇನ್ನೊಂದು. ಫೋನ್ ಮಾಡಿದರೆ ಆ ಕಡೆಯಿಂದ ಬರುವುದು ಎರಡೋ ಮೂರೋ ಪ್ರಶ್ನೆ. ಪೇಷಂಟ್ ಗಂಡಸಾ ಹೆಂಗಸಾ, ತೂಕ ಎಷ್ಟು, ಎದ್ದು ನಡೆಯುತ್ತಾರಾ? ಆಮೇಲೆ ನೇರ ತಿಂಗಳ ದರ. ಮೂಗಿನಲ್ಲಿ ಟ್ಯೂಬ್ ಉಂಟಾ, ಬೆನ್ನಲ್ಲಿ ಗಾಯ ಉಂಟಾ, ಇನ್ಸುಲಿನ್ ಯಾರು ಕೊಡುವುದು ಎಂಬ ಮಾತು ಎಷ್ಟೋ ಸಲ ಬರುವುದೇ ಇಲ್ಲ.

ನಾನು ವಾರ್ಡಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನೆರೆಕರೆಯವರು ಈಗಲೂ ಬಂದು ಕೇಳುವುದು, "ಸಿಸ್ಟರ್, ಒಳ್ಳೆ ಏಜೆನ್ಸಿ ಯಾವುದು?" ಎಂದು. ನಾನು ತಿರುಗಿ ಕೇಳುವುದು, "ಕೆಲಸ ಎಂತ ಉಂಟು, ಅದು ಹೇಳಿ." ಏಜೆನ್ಸಿ ಹುಡುಕುವುದು ಎರಡನೆಯ ಕೆಲಸ.

ಮೊದಲು ಕೆಲಸದ ಪಟ್ಟಿ

ಒಂದು ಹಾಳೆ ತೆಗೆದುಕೊಂಡು, ಬೆಳಿಗ್ಗೆ ಆರರಿಂದ ಮರುದಿನ ಬೆಳಿಗ್ಗೆ ಆರರವರೆಗೆ ರೋಗಿಗೆ ಏನೇನು ಆಗಬೇಕು ಎಂದು ಗಂಟೆವಾರು ಬರೆಯಿರಿ. ಆಸ್ಪತ್ರೆಯಲ್ಲಿ ಇರುವಾಗಲೇ ಬರೆದರೆ ಸುಲಭ. ವಾರ್ಡಿನ ಸಿಸ್ಟರ್‌ಗಳು ಮಾಡುವುದನ್ನು ಒಂದು ದಿನ ಕೂತು ನೋಡಿ, ಪಟ್ಟಿ ತಾನಾಗಿ ತುಂಬುತ್ತದೆ. ಆಮೇಲೆ ಸೂಜಿ, ನಳಿಕೆ ಅಥವಾ ಗಾಯದ ಸಂಬಂಧ ಇರುವ ಸಾಲುಗಳಿಗೆಲ್ಲ ಒಂದು ಗುರುತು ಹಾಕಿ.

ಇಂಜೆಕ್ಷನ್, ಡ್ರಿಪ್, ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಇಳಿಸುವುದು, ಮೂತ್ರದ ಕ್ಯಾತಿಟರ್ (ಮೂತ್ರ ಹೊರಬರಲು ಹಾಕಿದ ನಳಿಕೆ) ಬದಲಿಸುವುದು, ಆಳದ ಗಾಯದ ಡ್ರೆಸ್ಸಿಂಗ್, ಗಂಟಲಲ್ಲಿ ಟ್ರಕಿಯಾಸ್ಟಮಿ (ಉಸಿರಾಡಲು ಮಾಡಿದ ತೂತು) ಇದ್ದವರಿಗೆ ಸಕ್ಷನ್ ಮಾಡಿ ಕಫ ತೆಗೆಯುವುದು, ಇವೆಲ್ಲ ಓದಿದ ನರ್ಸೇ ಮಾಡಬೇಕಾದ ಕೆಲಸ. ಮೈ ಒರೆಸುವುದು, ಡೈಪರ್ ಬದಲಿಸುವುದು, ಮಗ್ಗುಲು ತಿರುಗಿಸುವುದು, ಊಟ ಮಾಡಿಸುವುದು, ವಾಕರ್ ಹಿಡಿಸಿ ನಡೆಸುವುದು, ಮೂತ್ರದ ಬ್ಯಾಗ್ ಖಾಲಿ ಮಾಡುವುದು, ಬರೆದುಕೊಟ್ಟ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನೆನಪು ಮಾಡಿ ಕೊಡುವುದು, ಇದಕ್ಕೆ ಒಳ್ಳೆಯ ಅಟೆಂಡರ್ ಸಾಕು. ನಡುವೆ ಕೆಲವು ಉಂಟು. ಇರುವ ಟ್ಯೂಬಿನಲ್ಲಿ ಗಂಜಿ ಕೊಡುವುದು, ಪೆನ್ನಿನಲ್ಲಿ ಇನ್ಸುಲಿನ್ ಚುಚ್ಚುವುದು ಮುಂತಾದವನ್ನು ಆಸ್ಪತ್ರೆಯವರು ಕಲಿಸಿಕೊಟ್ಟರೆ ಮನೆಯವರೇ ಮಾಡಬಹುದು, ಎಷ್ಟೋ ಮನೆಗಳಲ್ಲಿ ಮಾಡುತ್ತಾರೆ ಕೂಡ.

ಈ ಗುರುತು ಯಾಕೆ ಮುಖ್ಯವೆಂದರೆ, ನಮ್ಮ ಊರಲ್ಲಿ ಹೋಮ್ ನರ್ಸ್ ಎಂದು ಮನೆಗೆ ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರಲ್ಲ. ಕೆಲವು ವಾರದ ಅಥವಾ ತಿಂಗಳ ತರಬೇತಿ ಆದವರು, ಕೆಲವರಿಗೆ ಅದೂ ಇಲ್ಲ, ಕೆಲಸ ಮಾಡುತ್ತಾ ಕಲಿತವರು. ಅವರನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಹಾಸಿಗೆ ಹಿಡಿದವರ ಮೈಯನ್ನು ಅವರಷ್ಟು ಚೊಕ್ಕ ಇಟ್ಟುಕೊಳ್ಳುವುದು ಡಿಗ್ರಿ ಇದ್ದವರಿಗೂ ಬರುವುದಿಲ್ಲ. ಆದರೆ ಅವರ ಕೈಯಲ್ಲಿ ರಕ್ತನಾಳದ ಇಂಜೆಕ್ಷನ್ ಕೊಡಿಸುವುದು ರೋಗಿಗೂ ಅಪಾಯ, ಅವರಿಗೂ ಅನ್ಯಾಯ. ಮನೆಯವರೇ "ನೀವು ನರ್ಸ್ ಅಲ್ವಾ, ಕೊಡಿ" ಎಂದು ಒತ್ತಾಯ ಮಾಡಿದ್ದನ್ನು ಕಂಡಿದ್ದೇನೆ.

ಓದಿದ ನರ್ಸ್ ಎಂದರೆ ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾ ಅಥವಾ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಮುಗಿಸಿ, ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದವರು. ಎರಡು ವರ್ಷದ ಎಎನ್‌ಎಂ ಮಾಡಿದವರೂ ನೋಂದಾಯಿತರೇ, ಆದರೆ ಅವರ ತರಬೇತಿ ಹೆಚ್ಚಾಗಿ ಹೆರಿಗೆ, ಲಸಿಕೆ, ಊರಿನ ಆರೋಗ್ಯದ ಕೆಲಸಕ್ಕೆ ಸಂಬಂಧಿಸಿದ್ದು. ಮನೆಗೆ ಬರುವವರು ಕೇರಳದಲ್ಲಿ ಓದಿದ್ದರೆ ಅಲ್ಲಿಯ ಕೌನ್ಸಿಲಿನ ಕಾಗದ ಇದ್ದೀತು. ಯಾವುದಾದರೂ ಸರಿ, ನೋಂದಣಿ ಸಂಖ್ಯೆ ಮತ್ತು ನವೀಕರಣದ ದಿನಾಂಕ ನೋಡಿ. ಕಾಲೇಜಿನ ಮಾರ್ಕ್ಸ್ ಕಾರ್ಡ್ ಮಾತ್ರ ತೋರಿಸಿದರೆ ಒಪ್ಪಬೇಡಿ.

ನಮ್ಮ ಎರಡು ಜಿಲ್ಲೆಯಲ್ಲಿ ನರ್ಸಿಂಗ್ ಕಾಲೇಜಿಗೆ ಕೊರತೆಯಿಲ್ಲ. ಕಂಕನಾಡಿ, ದೇರಳಕಟ್ಟೆ, ಮಣಿಪಾಲದಿಂದ ವರ್ಷವರ್ಷ ಮಕ್ಕಳು ಓದಿ ಹೊರಗೆ ಬರುತ್ತಾರೆ. ಬಂದವರಲ್ಲಿ ಬಹಳ ಮಂದಿ ಬೆಂಗಳೂರಿಗೋ ಗಲ್ಫಿಗೋ ಹಾರುತ್ತಾರೆ. ಹಾಗಾಗಿ ದಿನವಿಡೀ ಮನೆಯಲ್ಲಿರುವ ನೋಂದಾಯಿತ ನರ್ಸ್ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ.

ಯಾವ ಬಗೆಯ ವ್ಯವಸ್ಥೆ?

ನನ್ನ ಅನುಭವದಲ್ಲಿ ಹೆಚ್ಚಿನ ಮನೆಗಳಿಗೆ ಹೊಂದುವುದು ಜೋಡಿ ವ್ಯವಸ್ಥೆ. ದಿನದ ಆರೈಕೆಗೆ ಒಬ್ಬ ಅಟೆಂಡರ್, ಗುರುತು ಹಾಕಿದ ಕೆಲಸಗಳಿಗೆ ಮಾತ್ರ ಬಂದುಹೋಗುವ ನರ್ಸ್. ಸೊಂಟದ ಮೂಳೆ ಮುರಿದು ಆಪರೇಷನ್ ಆದ ಅಜ್ಜಿಗೆ ವಾರಕ್ಕೆ ಎರಡೋ ಮೂರೋ ಸಲ ಡ್ರೆಸ್ಸಿಂಗ್ ಇದ್ದರೆ, ಅದಕ್ಕಾಗಿ ತಿಂಗಳಿಡೀ ನರ್ಸಿಗೆ ಸಂಬಳ ಕೊಡುವುದರಲ್ಲಿ ಅರ್ಥವಿಲ್ಲ. ಕೆಲವು ದೊಡ್ಡ ಆಸ್ಪತ್ರೆಗಳು ಮನೆಭೇಟಿಯ ಸೇವೆಯನ್ನು ತಾವೇ ಇಟ್ಟುಕೊಂಡಿವೆ. ನಿಮ್ಮ ರೋಗಿ ಇದ್ದ ಆಸ್ಪತ್ರೆಯಲ್ಲಿ ಉಂಟಾ ಎಂದು ಡಿಸ್ಚಾರ್ಜ್ ಕೌಂಟರಿನಲ್ಲೇ ಕೇಳಿ, ಎಷ್ಟು ದೂರದವರೆಗೆ ಬರುತ್ತಾರೆ ಎಂದೂ ಕೇಳಿ. ಕದ್ರಿಗೆ ಬರುವವರು ಮೂಡುಬಿದಿರೆಗೆ ಬರಬೇಕೆಂದಿಲ್ಲ.

ಟ್ರಕಿಯಾಸ್ಟಮಿ, ಉಸಿರಾಟದ ಯಂತ್ರ, ಪದೇಪದೇ ಫಿಟ್ಸ್ ಇರುವವರ ಕತೆ ಬೇರೆ. ಅಂಥವರಿಗೆ ಹಗಲು ಒಬ್ಬರು, ರಾತ್ರಿ ಒಬ್ಬರು ಎಂದು 12 ಗಂಟೆಯ ಎರಡು ಪಾಳಿ ಬೇಕೇಬೇಕು. "24 ಗಂಟೆ ನೋಡಿಕೊಳ್ಳುತ್ತಾರೆ" ಎಂದು ಒಬ್ಬರನ್ನೇ ಕಳಿಸುವ ಏಜೆನ್ಸಿ ಉಂಟು. ಮನುಷ್ಯರಿಗೆ ನಿದ್ರೆ ಬೇಡವೇ? ಮನೆಯಲ್ಲೇ ಉಳಿಯುವ ಅಟೆಂಡರಿಗೂ ರಾತ್ರಿ ಆರು ಗಂಟೆಯಾದರೂ ಮಲಗಲು ಬಿಡಬೇಕು, ಹಗಲು ಎರಡು ಗಂಟೆ ಬಿಡುವು ಕೊಡಬೇಕು. ಆ ಹೊತ್ತಿಗೆ ಮನೆಯವರಲ್ಲಿ ಯಾರು ಕೂರುವುದು ಎಂದು ಮೊದಲೇ ನಿರ್ಧಾರವಾಗಲಿ.

ಗುಣವಾಗದ ಕಾಯಿಲೆ, ಮುಂದುವರಿದ ಕ್ಯಾನ್ಸರ್ ಎಂದಾದರೆ ಏಜೆನ್ಸಿಗೆ ಹೋಗುವ ಮೊದಲು ಪ್ಯಾಲಿಯೇಟಿವ್ ವಿಭಾಗದವರ (ನೋವು, ಸಂಕಟ ಕಡಿಮೆ ಮಾಡುವ ಆರೈಕೆಯವರು) ಹತ್ತಿರ ಮಾತಾಡಿ. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಅದಕ್ಕೆಂದೇ ವಿಭಾಗ ಉಂಟು. ನೋವಿಗೆ ಯಾವ ಔಷಧಿ, ಮನೆಯಲ್ಲಿ ಹೇಗೆ ನೋಡಿಕೊಳ್ಳುವುದು ಎಂದು ಅವರು ಹೇಳಿಕೊಡುವುದು ಬೇರೆ ಕಡೆ ಸಿಗುವುದಿಲ್ಲ. ಹಳ್ಳಿಯಲ್ಲಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಆಶಾ ಕಾರ್ಯಕರ್ತೆಗೂ "ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ" ಎಂದು ತಿಳಿಸಿಡಿ.

ಆಸ್ಪತ್ರೆ ಬಿಡುವ ಮೊದಲು ಕೇಳಿ ಪಡೆಯಬೇಕಾದ್ದು

ಡಿಸ್ಚಾರ್ಜ್ ಸಮ್ಮರಿ ಎಲ್ಲರಿಗೂ ಕೊಡುತ್ತಾರೆ. ಅದರಲ್ಲಿ ಇಲ್ಲದ ಕೆಲವು ವಿಷಯಗಳನ್ನು ಬಾಯಿಬಿಟ್ಟು ಕೇಳಬೇಕು. ಕ್ಯಾತಿಟರ್ ಮತ್ತು ರೈಲ್ಸ್ ಟ್ಯೂಬ್ ಹಾಕಿದ ದಿನಾಂಕ ಯಾವುದು, ಯಾವಾಗ ಬದಲಿಸಬೇಕು? ರೈಲ್ಸ್ ಟ್ಯೂಬ್ ಮೂಗಿನ ಹತ್ತಿರ ಎಷ್ಟು ಸೆಂಟಿಮೀಟರ್ ಗುರುತಿನಲ್ಲಿ ಉಂಟು? ಯಾವ ಮಾತ್ರೆಯನ್ನು ಪುಡಿ ಮಾಡಬಹುದು, ಯಾವುದನ್ನು ಮಾಡಬಾರದು? ಈ ಕೊನೆಯ ಪ್ರಶ್ನೆ ಯಾರೂ ಕೇಳುವುದಿಲ್ಲ. ನಿಧಾನವಾಗಿ ಕರಗಲೆಂದೇ ಮಾಡಿದ ಮಾತ್ರೆಯನ್ನು ಅರೆದು ಟ್ಯೂಬಿಗೆ ಹಾಕಿದರೆ ಇಡೀ ದಿನದ ಔಷಧಿ ಒಂದೇ ಸಲ ಮೈಗೆ ಸೇರುತ್ತದೆ. ಅದರ ಬದಲಿಗೆ ಸಿರಪ್ ಅಥವಾ ಬೇರೆ ಮಾತ್ರೆ ಬರೆದುಕೊಡಲು ಡಾಕ್ಟರಿಗೆ ಐದು ನಿಮಿಷ ಸಾಕು.

ಮನೆಯಲ್ಲಿ ಆಂಟಿಬಯಾಟಿಕ್ ಇಂಜೆಕ್ಷನ್ ಮುಂದುವರಿಸುವುದಾದರೆ ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಿರಲಿ, ಚೀಟಿಯಲ್ಲಿ ಔಷಧಿ, ಪ್ರಮಾಣ, ಎಷ್ಟು ದಿನ ಎಂಬುದು ಸ್ಪಷ್ಟ ಇರಲಿ. ರಾತ್ರಿ ಎರಡು ಗಂಟೆಗೆ ಟ್ಯೂಬ್ ಹೊರಬಂದರೆ ಯಾವ ನಂಬರಿಗೆ ಕರೆಯುವುದು ಎಂದೂ ಬರೆಸಿಕೊಳ್ಳಿ. ಮನೆಯವರಲ್ಲಿ ಒಬ್ಬರು ಡಿಸ್ಚಾರ್ಜಿನ ಹಿಂದಿನ ದಿನ ಟ್ಯೂಬಿನಲ್ಲಿ ಆಹಾರ ಕೊಡುವುದನ್ನು, ಮಗ್ಗುಲು ಬದಲಿಸುವುದನ್ನು ಸಿಸ್ಟರ್ ಎದುರಲ್ಲೇ ತಮ್ಮ ಕೈಯಾರೆ ಮಾಡಲಿ.

ಬಂದವರ ಹತ್ತಿರ ಏನು ಕೇಳಬೇಕು

"ಎಷ್ಟು ವರ್ಷ ಅನುಭವ?" ಎಂಬ ಪ್ರಶ್ನೆಗೆ ಎಲ್ಲರದೂ ಒಂದೇ ಉತ್ತರ. ಅದನ್ನು ಬಿಟ್ಟು, ನಿಮ್ಮ ಪಟ್ಟಿಯಲ್ಲಿರುವ ಒಂದು ಕೆಲಸ ಎತ್ತಿಕೊಂಡು "ಇದು ಹೇಗೆ ಮಾಡುತ್ತೀರಿ, ಹೇಳಿ ನೋಡುವ" ಎನ್ನಿ.

ರೈಲ್ಸ್ ಟ್ಯೂಬ್ ಇದ್ದರೆ ಹೀಗೆ ಕೇಳಿ: ಗಂಜಿ ಕೊಡುವ ಮೊದಲು ಏನು ನೋಡುತ್ತೀರಿ? ತಿಳಿದವರು ಮೊದಲು ಹೇಳುವುದು ತಲೆಯ ಭಾಗ ಎತ್ತರಿಸುವುದನ್ನು, 30ರಿಂದ 45 ಡಿಗ್ರಿಯಷ್ಟು. ಆಮೇಲೆ ಟ್ಯೂಬಿನ ಗುರುತು ಮೊದಲಿನ ಜಾಗದಲ್ಲೇ ಉಂಟಾ ಎಂದು ನೋಡುವುದು, ಸಿರಿಂಜಿನಲ್ಲಿ ಮೆಲ್ಲ ಎಳೆದು ಹೊಟ್ಟೆಯ ದ್ರವ ಬರುತ್ತದಾ ಎಂದು ಪರೀಕ್ಷಿಸುವುದು. ಮೊದಲೂ ಕೊನೆಗೂ ಕುದಿಸಿ ಆರಿಸಿದ ನೀರನ್ನು ಸ್ವಲ್ಪ ಬಿಡುವುದು. ಕೊಟ್ಟಾದ ಮೇಲೆ ಅರ್ಧದಿಂದ ಒಂದು ಗಂಟೆ ಮಲಗಿಸದೆ ತಲೆ ಎತ್ತರದಲ್ಲೇ ಇಡುವುದು. ನಡುವೆ ಕೆಮ್ಮಿದರೆ, ಮುಖ ನೀಲಿಗಟ್ಟಿದರೆ ಆ ಕ್ಷಣವೇ ನಿಲ್ಲಿಸುವುದು. "ಸ್ಟೆತಸ್ಕೋಪ್ ಇಟ್ಟು ಗಾಳಿ ಹಾಕಿ ಶಬ್ದ ಕೇಳುತ್ತೇನೆ, ಅಷ್ಟೇ ಸಾಕು" ಎಂದರೆ ಅದು ಹಳೆಯ ಪದ್ಧತಿ, ಅದೊಂದನ್ನೇ ನಂಬುವ ಹಾಗಿಲ್ಲ. ಟ್ಯೂಬ್ ಶ್ವಾಸಕೋಶಕ್ಕೆ ಜಾರಿದ್ದರೂ ಶಬ್ದ ಕೇಳುತ್ತದೆ. ಇನ್ನು ನಮ್ಮ ಕುಚ್ಚಲಕ್ಕಿ ಗಂಜಿ. ಅದನ್ನು ಮಿಕ್ಸಿಗೆ ಹಾಕಿದರೆ ಸಾಲದು, ಬಟ್ಟೆಯಲ್ಲೋ ನಯದ ಜಾಲರಿಯಲ್ಲೋ ಸೋಸಲೇಬೇಕು. ಅದರ ಕೆಂಪು ತೌಡು ಟ್ಯೂಬಿನೊಳಗೆ ಕೂತು ಕಟ್ಟಿಕೊಳ್ಳುತ್ತದೆ. ಸೋಸದ ಗಂಜಿಯಿಂದ ಬ್ಲಾಕ್ ಆದ ಟ್ಯೂಬ್ ಬದಲಿಸಲೆಂದೇ ಕ್ಯಾಶುವಾಲಿಟಿಗೆ ಬಂದವರನ್ನು ನಾವು ನೋಡಿದ್ದು ಕಮ್ಮಿಯಲ್ಲ.

ಕ್ಯಾತಿಟರ್ ಇದ್ದವರಿಗೆ: ಬ್ಯಾಗ್ ಎಲ್ಲಿ ತೂಗುಹಾಕುತ್ತೀರಿ? ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗಬಾರದು. ವೀಲ್‌ಚೇರಿಗೆ ಕೂರಿಸುವಾಗ ಬ್ಯಾಗನ್ನು ರೋಗಿಯ ಹೊಟ್ಟೆಯ ಮೇಲೆ ಇಡುವವರಿದ್ದಾರೆ. ಹಾಗೆ ಮಾಡಿದರೆ ಮೂತ್ರ ಹಿಂದಕ್ಕೆ ಹೋಗಿ ಸೋಂಕಾಗುತ್ತದೆ.

ಸಕ್ಕರೆ ಕಾಯಿಲೆ ಇದ್ದರೆ: ಬೆವತು, ಕೈ ನಡುಗಿ, ಮಂಕಾದರೆ ಏನು ಮಾಡುತ್ತೀರಿ? ಶುಗರ್ ನೋಡಬೇಕು. 70ಕ್ಕಿಂತ ಕಡಿಮೆ ಇದ್ದು ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕರಗಿಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನನ್ನೂ ಹಾಕಬಾರದು, 108ಕ್ಕೆ ಕರೆ ಮಾಡಬೇಕು. "ಇನ್ಸುಲಿನ್ ಕೊಡುತ್ತೇನೆ" ಎಂದು ಉತ್ತರ ಬಂದರೆ ನಮಸ್ಕಾರ ಹೇಳಿ ಕಳಿಸಿ.

ಹಾಸಿಗೆ ಹುಣ್ಣು, ಅಂದರೆ ಬೆಡ್‌ಸೋರ್ ಬಗ್ಗೆ, ರೋಗಿ ಯಾರೇ ಇರಲಿ, ನೀವು ಕೇಳಲೇಬೇಕು. ಎರಡು ಗಂಟೆಗೊಮ್ಮೆ ಮಗ್ಗುಲು, ರಾತ್ರಿಯೂ. ಬಾಲದ ಮೂಳೆ, ಸೊಂಟದ ಬದಿ, ಹಿಮ್ಮಡಿ ದಿನಾ ನೋಡುವುದು. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಬೆಳ್ಳಗಾಗದೆ ಕೆಂಪಾಗಿಯೇ ಉಳಿದರೆ ಅಲ್ಲಿ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ (ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ, ಆ ಜಾಗ ಬಿಸಿಯಾಗಿ ಗಟ್ಟಿಯಾಗಿ ಕೈಗೆ ಸಿಗುತ್ತದೆ). ಅಂಥ ಜಾಗವನ್ನು ತಿಕ್ಕಬಾರದು. "ಏರ್‌ಬೆಡ್ ಉಂಟಲ್ಲ, ಮಗ್ಗುಲು ಬೇಡ" ಎನ್ನುವವರು ನಿಮ್ಮ ಮನೆಗೆ ಬೇಡ. ಏರ್‌ಬೆಡ್ ಇದ್ದರೂ ಮಗ್ಗುಲು ಬದಲಿಸಲೇಬೇಕು.

ಭಾಷೆಯನ್ನೂ ನೋಡಿ. ಮರೆವಿನ ಕಾಯಿಲೆ ಬಂದ ಹಿರಿಯರು ಎಷ್ಟೋ ಸಲ ಕಲಿತ ಭಾಷೆ ಬಿಟ್ಟು ತಾಯ್ನುಡಿಗೆ ಮರಳುತ್ತಾರೆ. ಇಡೀ ಜೀವಮಾನ ಕನ್ನಡ ಮೇಷ್ಟ್ರಾಗಿದ್ದವರು ಕೊನೆಗೆ ತುಳು ಮಾತ್ರ ಆಡಬಹುದು, ಇಲ್ಲವೇ ಕೊಂಕಣಿ, ಬ್ಯಾರಿ. "ಬಂಜಿ ಬೇನೆ" ಎಂದರೆ ಹೊಟ್ಟೆನೋವು ಎಂದು ಗೊತ್ತಿಲ್ಲದವರು ಬಂದರೆ ನಾಲ್ಕು ಮುಖ್ಯ ಮಾತುಗಳನ್ನು ಅವರ ಲಿಪಿಯಲ್ಲಿ ಬರೆದು ಗೋಡೆಗೆ ಅಂಟಿಸಿ. ನೋವು, ನೀರು, ಮೂತ್ರ, ಚಳಿ, ಇಷ್ಟು ಅರ್ಥವಾದರೆ ದಿನ ಸಾಗುತ್ತದೆ.

ಏಜೆನ್ಸಿಯ ಹತ್ತಿರ ಬರಹದಲ್ಲಿ ಪಡೆಯಿರಿ

ತಿಂಗಳ ಮೊತ್ತದಲ್ಲಿ ಕೆಲಸದವರಿಗೆ ಎಷ್ಟು, ಏಜೆನ್ಸಿಗೆ ಎಷ್ಟು ಎಂದು ಕೇಳಿ. ಹೇಳಲು ಹಿಂದೆಮುಂದೆ ನೋಡಿದರೆ ನನಗೆ ಅನುಮಾನ ಬರುತ್ತದೆ. ಸಂಬಳ ಸರಿಯಾಗಿ ಸಿಗದವರು ತಿಂಗಳ ನಡುವೆ ಬಿಟ್ಟುಹೋಗುತ್ತಾರೆ, ಸಿಕ್ಕಿಬೀಳುವುದು ನೀವು. ರಿಜಿಸ್ಟ್ರೇಷನ್ ಎಂದು ಕಟ್ಟಿದ ಹಣ ವಾಪಸು ಉಂಟಾ? ಬಂದವರು ಹೊಂದದಿದ್ದರೆ ಎಷ್ಟು ದಿನದಲ್ಲಿ ಬದಲಿ? ಚೌತಿ, ದೀಪಾವಳಿ, ಕ್ರಿಸ್ಮಸ್, ಈದ್ ಹೊತ್ತಿಗೆ ಊರಿಗೆ ಹೋಗುತ್ತಾರೆ, ಆಗ ಯಾರು? ಹೋಗಿಬರುವ ಬಸ್ಸಿನ ಖರ್ಚು ಯಾರದು? ರೋಗಿ ಮತ್ತೆ ಆಸ್ಪತ್ರೆ ಸೇರಿದರೆ ಆ ದಿನಗಳ ಲೆಕ್ಕ ಹೇಗೆ? ಇವಕ್ಕೆಲ್ಲ ಉತ್ತರ ಒಂದು ಹಾಳೆಯಲ್ಲಿ, ಸಹಿ ಸಹಿತ ಇರಲಿ. ಹಣ ಬ್ಯಾಂಕ್ ಮೂಲಕ ಕೊಡಿ, ಮೂರು ತಿಂಗಳ ಮುಂಗಡ ಕೇಳಿದರೆ ಕೊಡಬೇಡಿ.

ಗುರುತಿನ ಚೀಟಿಯ ಪ್ರತಿ, ಊರಿನ ವಿಳಾಸ, ಹಿಂದೆ ಕೆಲಸ ಮಾಡಿದ ಒಂದೆರಡು ಮನೆಯ ಫೋನ್ ನಂಬರ್ ಪಡೆಯಿರಿ, ಆ ಮನೆಗಳಿಗೆ ನೀವೇ ಕರೆ ಮಾಡಿ ಮಾತಾಡಿ. ಪೊಲೀಸ್ ಪರಿಶೀಲನೆ ಆಗಿದೆಯಾ ಎಂದು ಏಜೆನ್ಸಿಯನ್ನು ಕೇಳಿ, ಕಾಗದ ನೋಡಿ. ಕಪಾಟಿನ ಬೀಗ ನೀವು ಹಾಕಿಕೊಳ್ಳಿ. ಬಂದವರನ್ನು ದಿನಾ ಸಂಶಯದಿಂದ ನೋಡುವುದಕ್ಕಿಂತ ಅದು ಎಷ್ಟೋ ಮರ್ಯಾದೆ. ಕ್ಯಾಮೆರಾ ಇಡುವುದಾದರೆ ಅವರಿಗೆ ಹೇಳಿಯೇ ಇಡಿ. ಅವರು ಬಟ್ಟೆ ಬದಲಿಸುವ ಕೋಣೆಯಲ್ಲಿ ಬೇಡ.

ಊಟದ ಮಾತು ಸಣ್ಣದಲ್ಲ. ಸಸ್ಯಾಹಾರಿ ಮನೆ, ಮಡಿಯ ಮನೆ, ದಿನಾ ಮೀನು ಇರುವ ಮನೆ, ಯಾವುದೇ ಇರಲಿ, ಮೊದಲೇ ಹೇಳಿಬಿಡಿ. ಉತ್ತರ ಕರ್ನಾಟಕದಿಂದ ಬಂದ ಹುಡುಗಿಗೆ ಮೂರು ಹೊತ್ತೂ ಕುಚ್ಚಲಕ್ಕಿ ಅನ್ನ ಹೊಂದುವುದಿಲ್ಲ, ವಾರಕ್ಕೆ ನಾಲ್ಕು ದಿನ ಚಪಾತಿ ಆದರೆ ಆಕೆ ನಿಲ್ಲುತ್ತಾಳೆ. ಮನೆಮಂದಿಯ ಪಾತ್ರೆ, ಬಟ್ಟೆ, ಅಡುಗೆ ಅವರ ಕೆಲಸವಲ್ಲ ಎಂಬುದನ್ನೂ ಆ ಹಾಳೆಯಲ್ಲೇ ಬರೆಯಿರಿ. ಇದು ಅವರಿಗಿಂತ ಹೆಚ್ಚಾಗಿ ನಿಮ್ಮ ಮನೆಯವರು ಓದಬೇಕಾದ ಸಾಲು.

ವಿಮೆ ಬಗ್ಗೆ ಬಹಳ ಆಸೆ ಇಟ್ಟುಕೊಳ್ಳಬೇಡಿ. ಸಾಮಾನ್ಯ ಆರೋಗ್ಯ ವಿಮೆಯಲ್ಲಿ ಹೋಮ್ ನರ್ಸಿನ ತಿಂಗಳ ಸಂಬಳ ಸಿಗುವುದಿಲ್ಲ. ಡೊಮಿಸಿಲಿಯರಿ ಎಂಬ ಭಾಗ ಇದ್ದರೂ ಅದು ರೋಗಿಯನ್ನು ಸಾಗಿಸಲಾಗದೆ ಅಥವಾ ಬೆಡ್ ಸಿಗದೆ ಆಸ್ಪತ್ರೆಯ ಚಿಕಿತ್ಸೆಯನ್ನೇ ಮನೆಯಲ್ಲಿ ಕೊಟ್ಟ ಸಂದರ್ಭಕ್ಕೆ. ಪಾಲಿಸಿ ತೆಗೆದು ಓದಿ, ಬಿಲ್ಲುಗಳನ್ನಂತೂ ಜೋಪಾನ ಇಡಿ.

ಮನೆ ಸಿದ್ಧ ಮಾಡುವುದು, ಅದರಲ್ಲೂ ಮಳೆಗಾಲಕ್ಕೆ

ಕೋಣೆ ಕೆಳಗಿನ ಅಂತಸ್ತಿನಲ್ಲಿರಲಿ, ಟಾಯ್ಲೆಟ್ ಹತ್ತಿರ ಇರಲಿ. ಮಂಚದ ಎರಡೂ ಬದಿ ಒಬ್ಬರು ನಿಲ್ಲುವಷ್ಟು ಜಾಗ ಬೇಕು, ಗೋಡೆಗೆ ತಾಗಿಸಿದರೆ ಮಗ್ಗುಲು ಬದಲಿಸುವವರ ಸೊಂಟ ಹೋಗುತ್ತದೆ. ಎತ್ತರಿಸಿ ಇಳಿಸುವ ಮಂಚ, ಏರ್‌ಬೆಡ್, ವೀಲ್‌ಚೇರ್ ಬಾಡಿಗೆಗೆ ಸಿಗುತ್ತವೆ.

ಆಟಿಯ ಮಳೆಯಲ್ಲಿ ಬೆಡ್‌ಶೀಟ್ ಎರಡು ದಿನವಾದರೂ ಒಣಗುವುದಿಲ್ಲ. ಅರೆ ಒಣಗಿದ್ದನ್ನೇ ಹಾಸಿದರೆ ರೋಗಿಯ ಚರ್ಮ ಮೆತ್ತಗಾಗಿ ಹುಣ್ಣು ಬೇಗ ಏಳುತ್ತದೆ, ತೊಡೆಸಂದಿಯಲ್ಲಿ ಫಂಗಸ್ ಹಿಡಿಯುತ್ತದೆ. ಎಂಟು ಹತ್ತು ಹಳೆಯ ಮೆತ್ತನೆಯ ಹತ್ತಿ ಶೀಟು ಹೆಚ್ಚಿಗೆ ಇಟ್ಟುಕೊಳ್ಳಿ, ಕಡೆಗೆ ಇಸ್ತ್ರಿ ಹಾಕಿಯಾದರೂ ಒಣಗಿಸಿ. ಶೀಟಿನಲ್ಲಿ ಮಡಿಕೆ ಉಳಿಯಬಾರದು.

ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಕೊಡುವ ಯಂತ್ರ) ಇದ್ದರೆ ಕರೆಂಟಿನದ್ದೇ ಚಿಂತೆ. ಗಾಳಿಮಳೆಗೆ ತೆಂಗಿನ ಮಡಲು ಲೈನಿನ ಮೇಲೆ ಬಿತ್ತೆಂದರೆ ಒಳಗಿನ ಊರುಗಳಲ್ಲಿ ಗಂಟೆಗಟ್ಟಲೆ ಕರೆಂಟ್ ಇಲ್ಲ. ನಿಮಿಷಕ್ಕೆ 5 ಲೀಟರ್ ಕೊಡುವ ಯಂತ್ರಕ್ಕೆ ಸುಮಾರು 350 ವ್ಯಾಟ್ ಬೇಕು. ನಿಮ್ಮ ಇನ್ವರ್ಟರ್ ಅದನ್ನು ಎಷ್ಟು ಹೊತ್ತು ಎಳೆಯುತ್ತದೆ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಲೆಕ್ಕ ಹಾಕಿಸಿ. ಜೊತೆಗೆ ಒಂದು ಬಿ ಟೈಪ್ ಸಿಲಿಂಡರ್ ತುಂಬಿಸಿಡಿ. ಅದರಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ 2 ಲೀಟರಿನಂತೆ 12 ಗಂಟೆ ಬರುತ್ತದೆ. ಮೆಸ್ಕಾಂನ ದೂರು ಸಂಖ್ಯೆ 1912 ಗೋಡೆಯ ಮೇಲಿರಲಿ. ಅದೇ ಕೋಣೆಯಲ್ಲಿ ದೇವರ ದೀಪ, ಊದುಬತ್ತಿ ಹಚ್ಚಬೇಡಿ. ಆಕ್ಸಿಜನ್ನಿನ ಪ್ರಮಾಣವನ್ನು "ಸ್ವಲ್ಪ ಜಾಸ್ತಿ ಇರಲಿ" ಎಂದು ಯಾರೂ ತಿರುಗಿಸಬಾರದು. ಹಳೆಯ ದಮ್ಮಿನ ಕಾಯಿಲೆಯವರಿಗೆ ಜಾಸ್ತಿಯಾದರೂ ಅಪಾಯವೇ.

ಬಳಸಿದ ಸೂಜಿ ಹಾಕಲು ಮುಚ್ಚಳವಿರುವ ಗಟ್ಟಿ ಪ್ಲಾಸ್ಟಿಕ್ ಡಬ್ಬ ಇಡಿ. ತುಂಬಿದ ಮೇಲೆ ಅದನ್ನು ಭೇಟಿಗೆ ಬರುವ ನರ್ಸಿನ ಕೈಯಲ್ಲೋ ಆಸ್ಪತ್ರೆಗೋ ತಲುಪಿಸಿ. ಒಣ ಕಸದ ಚೀಲಕ್ಕೆ ಹಾಕಿದರೆ ಕಸ ಬೇರ್ಪಡಿಸುವ ಹೆಂಗಸಿನ ಕೈಗೆ ಚುಚ್ಚುತ್ತದೆ.

ಮೊದಲ ವಾರ

ಒಂದು ನೂರು ಪುಟದ ನೋಟ್‌ಬುಕ್ ರೋಗಿಯ ತಲೆದೆಸೆಯಲ್ಲಿ ಇರಲಿ. ಬಿಪಿ, ಶುಗರ್, ಜ್ವರ, ಕೊಟ್ಟ ಔಷಧಿ, ಊಟ ಎಷ್ಟು, ಮೂತ್ರ ಎಷ್ಟು, ಮಲ ಆಯಿತಾ, ಯಾವ ಹೊತ್ತಿಗೆ ಯಾವ ಮಗ್ಗುಲು, ಎಲ್ಲ ಆಗಿಂದಾಗ ಬರೆದು ಸಹಿ ಹಾಕಬೇಕು. ಸಂಜೆ ಕೂತು ಇಡೀ ದಿನದ್ದನ್ನು ಒಂದೇ ಪೆನ್ನಿನಲ್ಲಿ ತುಂಬಿಸಿದ್ದು ನೋಡಿದ ಕೂಡಲೇ ಗೊತ್ತಾಗುತ್ತದೆ. ಮೈ ಒರೆಸುವ ಹೊತ್ತಿಗೆ ದಿನಕ್ಕೊಮ್ಮೆ ನೀವೇ ಬೆನ್ನು, ಹಿಮ್ಮಡಿ ನೋಡಿ.

ಕ್ಯಾತಿಟರ್ ಬ್ಯಾಗಿಗೆ ಆರು ಗಂಟೆಯಿಂದ ಮೂತ್ರ ಬಂದಿಲ್ಲ, ಹೊಸದಾಗಿ ಮಂಪರು, ಉಸಿರು ಎಳೆಯುವುದು, ಚಳಿಜ್ವರ, ಗಾಯದಿಂದ ಕೀವು ಅಥವಾ ವಾಸನೆ, ಒಂದು ಕಾಲು ಮಾತ್ರ ಊದಿ ನೋಯುವುದು, ಇವುಗಳಲ್ಲಿ ಯಾವುದಾದರೂ ಕಂಡರೆ ಡಾಕ್ಟರಿಗೆ ಅದೇ ದಿನ ತಿಳಿಸಿ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಎದೆನೋವು, ಉಸಿರು ಕಟ್ಟುವುದು ಆದರೆ ಫೋನಿನಲ್ಲಿ ಸಲಹೆ ಕೇಳುತ್ತಾ ಕೂರಬೇಡಿ, 108.

ಮಕ್ಕಳು ದುಬೈ, ಬೆಂಗಳೂರು ಎಂದು ಚದುರಿದ್ದರೆ ತೀರ್ಮಾನ ಹೇಳುವವರು ಒಬ್ಬರೇ ಇರಲಿ. ಅಣ್ಣ ಒಂದು ಹೇಳಿ, ಅಕ್ಕ ವಿಡಿಯೊ ಕಾಲಿನಲ್ಲಿ ಇನ್ನೊಂದು ಹೇಳಿದರೆ ನರ್ಸ್ ಎರಡೂ ಬಿಟ್ಟು ಸುಮ್ಮನಾಗುತ್ತಾರೆ. ಹತ್ತಿರ ಸಂಬಂಧಿಕರು ಯಾರಾದರೂ ಹೇಳದೆ ಆಗಾಗ ಬಂದುಹೋಗಲಿ. ಹಿರಿಯರ ಮೈಯಲ್ಲಿ ಕಾರಣ ಹೇಳಲಾಗದ ಗುರುತು, ಆ ವ್ಯಕ್ತಿ ಕೋಣೆಗೆ ಬಂದರೆ ಹೆದರುವುದು, ಹಗಲಿಡೀ ನಿದ್ದೆ, ಹೀಗೇನಾದರೂ ಕಂಡರೆ ಕಾಯಬೇಡಿ, ಅವರನ್ನು ಬದಲಿಸಿ. ಹಿರಿಯರ ಸಹಾಯವಾಣಿ 14567 ಉಂಟು.

ಕಡಿಮೆ ಮಾಡುವುದು ಯಾವಾಗ?

ಹದಿನೈದು ದಿನಕ್ಕೊಮ್ಮೆ ಕೆಲಸದ ಪಟ್ಟಿ ತೆಗೆದು, ಮುಗಿದ ಕೆಲಸಗಳನ್ನು ಹೊಡೆದುಹಾಕಿ. ಹೊಲಿಗೆ ಬಿಚ್ಚಿದ ಮೇಲೆ, ಕ್ಯಾತಿಟರ್ ತೆಗೆದ ಮೇಲೆ ನರ್ಸಿನ ಭೇಟಿ ಬೇಕಾಗುವುದಿಲ್ಲ. ಅಜ್ಜಿ ವಾಕರ್ ಹಿಡಿದು ಟಾಯ್ಲೆಟ್ಟಿಗೆ ಹೋಗುವಂತಾದರೆ 24 ಗಂಟೆಯವರ ಬದಲು ಹಗಲಿಗೆ ಒಬ್ಬರು ಸಾಕಾದೀತು. ಫಿಸಿಯೋಥೆರಪಿಯವರ ಮಾತು ಕೇಳಿ ತೀರ್ಮಾನಿಸಿ. ಏಜೆನ್ಸಿ ತಾನಾಗಿ "ಇನ್ನು ಸಾಕು" ಎಂದು ಹೇಳುವುದಿಲ್ಲ. ಒಪ್ಪಂದದಲ್ಲಿ ಬರೆದಷ್ಟು ದಿನ ಮೊದಲು ವಾಟ್ಸಾಪಿನಲ್ಲಾದರೂ ಬರಹದಲ್ಲಿ ತಿಳಿಸಿ, ಉಳಿದ ಸಂಬಳ ಆ ದಿನವೇ ಕೊಟ್ಟುಬಿಡಿ. ಬಾಡಿಗೆಯ ಮಂಚ, ಏರ್‌ಬೆಡ್ ಅದೇ ವಾರ ಮರಳಿಸಿ ಡೆಪಾಸಿಟ್ ವಾಪಸು ಪಡೆಯಿರಿ, ಅದಕ್ಕೆ ಕೊಟ್ಟ ರಸೀದಿ ನೋಟ್‌ಬುಕ್ಕಿನ ಹಿಂದಿನ ಪುಟಕ್ಕೆ ಮೊದಲ ದಿನವೇ ಅಂಟಿಸಿಟ್ಟಿರಿ.